ವಜೀರಬಿ ಸುಮ್ಮನಿದ್ದ ದಿನ

ಒಂದು ಮುಂಗೈ ಒಮ್ಮೆ ತನ್ನ ಕೈಗೆ ಬಂದರೆ ಅದರ ಅಳತೆಯನ್ನು ವಜೀರಬಿ ಮರೆಯುವುದಿಲ್ಲ. ಹೆಸರು ಮರೆಯುತ್ತಾಳೆ. ಯಾರ ಮಗಳು, ಯಾರ ಸೊಸೆ ಎಂಬುದನ್ನು ಕಲಸಿಬಿಡುತ್ತಾಳೆ. ಒಮ್ಮೆ ಒಬ್ಬಳ ಗಂಡನ ಯೋಗಕ್ಷೇಮವನ್ನು ಇನ್ನೊಬ್ಬಳ ಹತ್ತಿರ ವಿಚಾರಿಸಿ ಇಡೀ ಓಣಿ ನಗುವಂತೆ ಮಾಡಿದ್ದಳು. ಆದರೆ ಕೈ ಹಿಡಿದಳೆಂದರೆ ಮುಗಿಯಿತು. ಬೆರಳ ಗಂಟುಗಳನ್ನು ಒತ್ತಿ, ಅಂಗೈಯನ್ನು ಮಡಚಿ, ಸವಾದೋ ಎಂದೋ ಢಾಯಿ ಎಂದೋ ಹೇಳುತ್ತಾಳೆ. ಎರಡೂಕಾಲು ಇಂಚಿನ ಬಳೆ ಸವಾದೋ, ಎರಡೂವರೆಯದು ಢಾಯಿ. ಆಕೆ ಹೇಳಿದ ಮೇಲೆ ಅಳೆದು ನೋಡುವ ಉಸಾಬರಿಗೆ ಯಾರೂ ಹೋಗುವುದಿಲ್ಲ.

ಬಸವಕಲ್ಯಾಣದ ಕೋಟೆಯ ಕಡೆಗಿನ ಓಣಿಯಲ್ಲಿ ಆಕೆಯ ಮನೆ. ಮನಿಯಾರರ ಮನೆತನ, ಬಳೆ ತೊಡಿಸುವುದೇ ಕಸುಬು. ಗಂಡ ಗೌಸ ಬಜಾರಿನಲ್ಲಿ ಬಂಡಿ ನಿಲ್ಲಿಸುತ್ತಾನೆ. ಹಳ್ಳಿಗಳು ವಜೀರಬಿಯ ಪಾಲಿಗೆ. ಮೊದಲು ಬುಟ್ಟಿ ಹೊತ್ತು ನಡೆಯುತ್ತಿದ್ದಳು, ಈಗ ಐವತ್ತೆಂಟರ ವಯಸ್ಸಿನಲ್ಲಿ ಟಂಟಂ ಆಟೋ ಹತ್ತುತ್ತಾಳೆ. ಮೋರಖಂಡಿಯಲ್ಲಾಗಲಿ ನಾರಾಯಣಪುರದಲ್ಲಾಗಲಿ ಲಗ್ನ, ತೊಟ್ಟಿಲು, ಬಸುರಿಯ ಕುಬಸ ಏನೇ ನಡೆದರೂ ಬೂಬಮ್ಮನೆಂದೇ ಕರೆಯುವ ಆಕೆಗೆ ಹೇಳಿ ಕಳಿಸುತ್ತಾರೆ, ಒಳಗೆ ಕರೆದು ಮಣೆ ಹಾಕಿ ಕೂರಿಸುತ್ತಾರೆ. ಬಳೆ ತೊಡುವಷ್ಟು ಹೊತ್ತು ಕೈ ಇನ್ನೊಬ್ಬರ ಕೈಯಲ್ಲಿರುತ್ತದೆ, ಎದ್ದು ಹೋಗುವ ಹಾಗಿಲ್ಲ. ಅದಕ್ಕೇ ಇರಬೇಕು, ಹೆಂಗಸರು ಆಕೆಯ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಡುತ್ತಾರೆ. ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬರಬೇಕು, ಒಳ್ಳೆಯ ಮಾತು ಮಾತ್ರ ಆಡಬೇಕು ಎಂದು ಅತ್ತೆ ಕಲಿಸಿದ್ದಳು. ವಜೀರಬಿ ಅದನ್ನು ಚೆನ್ನಾಗಿಯೇ ಕಲಿತಳು. ಅಷ್ಟು ಚೆನ್ನಾಗಿ ಕಲಿಯಬಾರದಿತ್ತು.

ಡಾಕ್ಟರರು ಮುಖ ನೋಡದೆ ಚೀಟಿ ಬರೆದು ಅಟ್ಟುತ್ತಾರೆ ಎಂದು ದೂರುವುದು ನಮ್ಮ ಜನರಿಗೆ ಒಂದು ಚಟ. ಜಯಮಾಲಾ ಡಾಕ್ಟರರ ಮೇಲಿನ ದೂರು ಬೇರೆ: ಅವರು ಬಹಳ ಕೇಳುತ್ತಾರೆ. ಬೇಮಳಖೇಡದಲ್ಲಿ ಎಮ್ಮೆ ಕಟ್ಟುವ ಮನೆಯಲ್ಲಿ ಹುಟ್ಟಿ ಬೆಳೆದವರು. ಹದಿನಾರು ವರ್ಷಗಳಿಂದ ಕಲ್ಯಾಣದಲ್ಲಿ ಸಣ್ಣದೊಂದು ದವಾಖಾನೆ ನಡೆಸುತ್ತಿದ್ದಾರೆ. ಕೆಮ್ಮು ಎಂದು ಬಂದವನನ್ನು, ಅಡುಗೆ ಕಟ್ಟಿಗೆಯಲ್ಲೋ ಗ್ಯಾಸಿನಲ್ಲೋ, ಮಲಗುವ ಕೋಣೆಗೆ ಕಿಟಕಿ ಇದೆಯೋ ಇಲ್ಲವೋ ಎಂದು ಕೇಳುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತವರು ಇದೇನು ಜನಗಣತಿಯೇ ಎಂದು ಗೊಣಗುತ್ತಾರೆ. ತಮ್ಮ ಪಾಳಿ ಬಂದಾಗ ಅದೇ ಜನ ಅರ್ಧ ತಾಸು ಕುರ್ಚಿ ಬಿಡುವುದಿಲ್ಲ.

ನಾರಾಯಣಪುರದ ಬಸವಣಪ್ಪನವರು ಆರು ತಿಂಗಳಿಂದ ಗುಳಿಗೆ ನುಂಗುತ್ತಿದ್ದೇನೆ ಎನ್ನುತ್ತಿದ್ದರು, ಆದರೂ ಬಿಪಿ ಇಳಿದಿರಲಿಲ್ಲ. ಬೇರೆಯವರಾಗಿದ್ದರೆ ಗುಳಿಗೆ ಬದಲಿಸುತ್ತಿದ್ದರು. ಡಾಕ್ಟರಮ್ಮ ತಮ್ಮ ಮುಂದೆಯೇ ಒಂದು ನುಂಗಿರಿ ಎಂದರು. ಗಂಟುಗಟ್ಟಿದ ಬೆರಳುಗಳಿಂದ ಮುದುಕರಿಗೆ ಗುಳಿಗೆಯ ಪಟ್ಟಿ ಹರಿಯಲು ಬರಲಿಲ್ಲ. ಸೊಸೆಯನ್ನು ಕೇಳಲು ನಾಚಿಕೆ, ಹಾಗಾಗಿ ವಾರಕ್ಕೆ ಎರಡೋ ಮೂರೋ ಹೊಟ್ಟೆಗೆ ಹೋಗುತ್ತಿದ್ದವು, ಅಷ್ಟೇ. ಅಂದಿನಿಂದ ಅವರ ಗುಳಿಗೆಗಳನ್ನು ದವಾಖಾನೆಯಲ್ಲಿಯೇ ಬಿಡಿಸಿ ಡಬ್ಬಿಗೆ ಹಾಕಿ ಕೊಡುವುದಾಯಿತು. ಮಕ್ಕಳಾಗಲಿಲ್ಲವೆಂದು ಅರ್ಷಿಯಾ ಎಂಬ ಹುಡುಗಿಯನ್ನು ಅತ್ತೆ ಕರೆತಂದಾಗ ಅತ್ತೆಯನ್ನು ಹೊರಗೆ ಕೂರಿಸಿ, ಗಂಡ ಮನೆಯಲ್ಲಿ ಇರುವುದು ಎಷ್ಟು ದಿನ ಎಂದು ಕೇಳಿದರಂತೆ. ಲಾರಿ ಓಡಿಸುವ ಗಂಡ ತಿಂಗಳಿಗೆ ಎರಡು ದಿನ ಇರುತ್ತಿದ್ದ. ಔಷಧ ಬರೆಯದೆ, ಮುಂದಿನ ಸಲ ಅವನನ್ನೇ ಕರೆದುಕೊಂಡು ಬಾ ಎಂದು ಕಳಿಸಿದರು.

ವಜೀರಬಿ ಅಲ್ಲಿಗೆ ಹೋದದ್ದು ತಲೆಸಿಡಿತಕ್ಕೆ. ಎರಡು ವರ್ಷ ಕಂಡಕಂಡಲ್ಲಿ ನೋವಿನ ಗುಳಿಗೆ ನುಂಗಿದ್ದಳು. ಡಾಕ್ಟರಮ್ಮ ತಲೆಯ ಸುದ್ದಿಗೆ ಹೋಗದೆ ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಎಂದು ಕೇಳಿದರು. ಹಳ್ಳಿಯ ಕಟ್ಟೆಗಳ ಮೇಲೆ, ರೊಟ್ಟಿ ಉಪ್ಪಿನಕಾಯಿ. ದಿನಾ ಉಪ್ಪಿನಕಾಯಿಯೇ? ದಿನಾ. ಆಗ ಬಿಪಿ ನೋಡಿದರು. ಇನ್ನೂರರ ಹತ್ತಿರ ಇತ್ತು. ಬೈಯಲಿಲ್ಲ. ರೊಟ್ಟಿಗೆ ಮೊಸರು ಕೇಳಿ ಹಾಕಿಸಿಕೊಳ್ಳಿ, ನಿಮಗೆ ಇಲ್ಲ ಅನ್ನುವವರು ಯಾರಿದ್ದಾರೆ ಎಂದರು. ಆಮೇಲೆ ಬಳೆಯ ಚೀಲದ ಕಡೆ ನೋಡಿ, ದಿನಕ್ಕೆ ಎಷ್ಟು ಹೆಂಗಸರ ಕೈ ಹಿಡಿಯುತ್ತೀರಿ ಎಂದು ಕೇಳಿದರು. ಹಂಗಾಮಿನಲ್ಲಿ ಮೂವತ್ತು ನಲವತ್ತು ಎಂದು ಕೇಳಿ ಪೆನ್ನು ಕೆಳಗಿಟ್ಟರು.

ಅವತ್ತು ಹೇಳಿಕೊಟ್ಟದ್ದು ಇಷ್ಟು. ಬಸುರಿಗೆ ಆರು ತಿಂಗಳು ದಾಟಿದ ಮೇಲೆ ಕೈ, ಮುಖ ಒಮ್ಮೆಲೇ ಬಾತರೆ, ಮುಂಗೈ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ಬಿದ್ದ ಕುಳಿ ಹಾಗೇ ಉಳಿದರೆ, ತಲೆ ನೋಯುತ್ತದೆ, ಕಣ್ಣು ಮಂಜು ಎಂದರೆ ಅದು ಮೈ ತುಂಬಿದ್ದಲ್ಲ, ರಕ್ತದ ಒತ್ತಡ ಏರಿದ್ದು. ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಆದರೆ ವಜೀರಬಿಗೆ ಒಂದು ಅಂಜಿಕೆ ಇತ್ತು. ಹಿಂದೊಮ್ಮೆ ನಾರಾಯಣಪುರದ ಬಾಳಮ್ಮನ ಮಗಳ ಕುಬಸದಲ್ಲಿ, ಹುಡುಗಿ ಬಿಳಿಚಿಕೊಂಡಿದ್ದಾಳಲ್ಲ ಎಂದು ಎಲ್ಲರ ಮುಂದೆ ಅಂದುಬಿಟ್ಟಿದ್ದಳು. ಆ ಕೂಸು ಸತ್ತು ಹುಟ್ಟಿತು. ಬೂಬಮ್ಮನ ಬಾಯಿ ಹತ್ತಿತು ಎಂದರು. ಆ ಮನೆ ಮಾತ್ರವಲ್ಲ, ಆ ಓಣಿಯೇ ಆಕೆಗೆ ಮುಚ್ಚಿಹೋಯಿತು. ಇದನ್ನು ಹೇಳಿಕೊಂಡಾಗ ಡಾಕ್ಟರಮ್ಮ ನಗಲಿಲ್ಲ.

“ಮನಿಯವರಿಗಿ ಹೇಳಬ್ಯಾಡ್ರಿ. ನನಗ ಹೇಳ್ರಿ. ಯಾವ ಊರು, ಯಾರ ಮನಿ, ಇಷ್ಟು ಸಾಕು. ನಿಮ್ಮ ಹೆಸರು ಎತ್ತಂಗಿಲ್ಲ.”

ವಜೀರಬಿಯ ಸಣ್ಣ ಫೋನಿನಲ್ಲಿ ಎರಡರ ಗುಂಡಿ ಒತ್ತಿ ಹಿಡಿದರೆ ತಮಗೇ ಹತ್ತುವಂತೆ ಮಾಡಿಕೊಟ್ಟರು. ಎರಡು ವರ್ಷಗಳಲ್ಲಿ ಆಕೆ ಆ ಗುಂಡಿಯನ್ನು ಐದು ಸಲ ಒತ್ತಿದಳು. ಐದರಲ್ಲಿ ಮೂರು ನಿಜವಾಗಿಯೂ ಕುತ್ತಿನ ಬಸುರುಗಳು. ಮೂರೂ ಕೂಸುಗಳು ಈಗ ಆಡುತ್ತಿವೆ. ಆ ಮನೆಗಳವರಿಗೆ ಸುದ್ದಿ ಕೊಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ತಾನೂ ಅರ್ಧ ಡಾಕ್ಟರು ಎಂದು ವಜೀರಬಿ ಗೌಸನ ಮುಂದೆ ಜಂಬ ಕೊಚ್ಚುತ್ತಿದ್ದಳು. ಹಾಗಾದರೆ ಇನ್ನರ್ಧ ಹೊತ್ತಾದರೂ ಅಡುಗೆ ಮಾಡು ಎಂದು ಅವನು ಕಾಲೆಳೆಯುತ್ತಿದ್ದ.

ಇಂಥ ಹೆಂಗಸು ಮನೀಷಾಳ ಕುಬಸಕ್ಕೆ ಹುಮನಾಬಾದಕ್ಕೆ ಹೋದಳು.

ಮನೀಷಾ ಮೋರಖಂಡಿಯ ಭೀಮಬಾಯಿಯ ಒಬ್ಬಳೇ ಮಗಳು. ಭೀಮಬಾಯಿಗೂ ವಜೀರಬಿಗೂ ಮೂವತ್ತು ವರ್ಷದ ಗೆಳೆತನ. ಹುಡುಗಿಗೆ ತೊಟ್ಟಿಲಲ್ಲಿ ಕರಿಮಣಿಯ ಬಳೆ ಹಾಕಿದವಳು ವಜೀರಬಿ, ಲಗ್ನದ ಹಸಿರು ಬಳೆ ತೊಡಿಸಿದವಳೂ ಆಕೆಯೇ. ಹುಮನಾಬಾದದ ಕಾಳಿನ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಗಂಡ ವೀರಭದ್ರ ಸಾಧು ಹುಡುಗ. ಅತ್ತೆ ಮೀರಾಬಾಯಿ ಕೆಟ್ಟವಳಲ್ಲ, ಸಡಗರದವಳು. ಏಳನೆಯ ತಿಂಗಳಲ್ಲಿ ಮಾಡಬೇಕಾದ ಕುಬಸ ಆ ವರ್ಷ ಅಧಿಕ ಮಾಸ ನಡುವೆ ಬಂದದ್ದರಿಂದ ಮುಂದೆ ಹೋಗಿ ಎಂಟಕ್ಕೆ ಬಿತ್ತು. ತಿಂಗಳ ತಪಾಸಣೆಯನ್ನೂ ಕುಬಸ ಆದ ಮೇಲೆ, ತವರಿಗೆ ಹೋದ ಮೇಲೆ ಕಲ್ಯಾಣದಲ್ಲಿಯೇ ಮಾಡಿಸಿದರಾಯಿತು ಎಂದು ಬಿಟ್ಟಿದ್ದರು. ಯಾರೂ ಕೇಡು ಬಯಸಿರಲಿಲ್ಲ. ಒಳ್ಳೆಯ ದಿನಕ್ಕಾಗಿ ಕಾಯುತ್ತಿದ್ದರು, ಅಷ್ಟೇ.

ಮನೆ ತುಂಬ ಜನ. ನಲವತ್ತು ಹೆಂಗಸರು ಜಮಖಾನೆಯ ಮೇಲೆ ಕುಳಿತಿದ್ದರು. ಭೀಮಬಾಯಿ ತವರಿನ ಸೀರೆ, ಕುಪ್ಪಸ, ಐದು ಬಗೆಯ ಸಿಹಿ ತಂದಿದ್ದಳು. ಹಸಿರು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಮನೀಷಾ ಮಣೆಯ ಮೇಲೆ ಕುಳಿತಿದ್ದಳು. ಮೊದಲ ಬಳೆ ಬಸುರಿಗೆ, ಆಮೇಲೆ ಉಳಿದವರಿಗೆ. ವಜೀರಬಿ ಸವಾದೋ ಬಳೆಗಳನ್ನು ಮೊದಲೇ ಆರಿಸಿ ದಾರಕ್ಕೆ ಪೋಣಿಸಿಕೊಂಡು ಬಂದಿದ್ದಳು. ಒಂದನ್ನು ತೆಗೆದು ಹುಡುಗಿಯ ಎಡಗೈ ಹಿಡಿದಳು. ಬಳೆ ಬೆರಳ ಗಂಟನ್ನೇ ದಾಟಲಿಲ್ಲ.

ಒಂದು ಅಳತೆ ದೊಡ್ಡದು ತೆಗೆದಳು. ಅದೂ ಹೆಬ್ಬೆರಳ ಬುಡದಲ್ಲಿ ನಿಂತಿತು. ಢಾಯಿ ಹೋಯಿತು. ಮೀರಾಬಾಯಿ ಮುಖ ಅರಳಿಸಿ, ಬಂದಾಗ ಕಡ್ಡಿ ಇದ್ದಳು, ನಮ್ಮ ಮನೆಯ ಅನ್ನ ಹೇಗೆ ಹತ್ತಿದೆ ನೋಡಿರಿ ಎಂದಳು. ಹೆಂಗಸರೆಲ್ಲ ನಕ್ಕರು. ವಜೀರಬಿಯೂ ನಕ್ಕಳು. ನಗುತ್ತಲೇ ಹೆಬ್ಬೆರಳಿನಿಂದ ಮುಂಗೈಯನ್ನು ಒತ್ತಿದಳು. ಬೆರಳು ತೆಗೆದಾಗ ಕುಳಿ ಹಾಗೆಯೇ ಇತ್ತು.

“ತಲಿ ನೋಯ್ತದೇನವ್ವಾ?” ಎಂದು ಹುಡುಗಿಗೆ ಮಾತ್ರ ಕೇಳುವಂತೆ ಕೇಳಿದಳು.

“ಜರಾ ನೋಯಾಕತ್ತದ ಬೂಬಮ್ಮಾ. ಗದ್ದಲಕ್ಕಿರಬೇಕು.”

ಅಷ್ಟರಲ್ಲಿ ಯಾರೋ ಸೋಬಾನೆ ಎತ್ತಿಕೊಂಡರು. ವಜೀರಬಿ ಒಂದೊಂದಾಗಿ ಢಾಯಿ ಬಳೆ ತೊಡಿಸಿದಳು, ಆ ಕೈಗೆ ಹನ್ನೊಂದು, ಈ ಕೈಗೆ ಹನ್ನೊಂದು. ಕೊನೆಯ ಬಳೆ ಏರಿಸಿ, ಹೆರಿಗೆ ಹೂವೆತ್ತಿದಷ್ಟು ಹಗುರಾಗಲಿ ಎಂದು ಹರಸಿದಳು. ಎಂದಿನ ಹರಕೆ.

ಚೀಲದಲ್ಲಿ ಫೋನು ಇತ್ತು. ಹಿತ್ತಲಿಗೆ ಹೋಗಿ ಎರಡರ ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಹಿತ್ತಲಿಗೆ ಹೋದಳು ಕೂಡ. ಅಲ್ಲಿ ನಿಂತು ಲೆಕ್ಕ ಹಾಕಿದಳು: ಈಗ ಹೇಳಿದರೆ ಡಾಕ್ಟರಮ್ಮ ತಡೆಯುವವರಲ್ಲ, ಈಗಲೇ ಈ ಮನೆಗೆ ಫೋನು ಮಾಡುತ್ತಾರೆ. ಊಟದ ಎಲೆಯ ಮುಂದಿನಿಂದ ಹುಡುಗಿಯನ್ನು ಎಬ್ಬಿಸುತ್ತಾರೆ. ಕಲ್ಯಾಣದಿಂದ ಬಂದವಳು ನಾನೊಬ್ಬಳೇ. ಹೆಸರು ಎತ್ತದಿದ್ದರೇನು, ನಲವತ್ತು ಹೆಂಗಸರಿಗೆ ತಿಳಿಯದೆ ಇರುತ್ತದೆಯೇ? ಭೀಮಬಾಯಿ ವರ್ಷಾನುಗಟ್ಟಲೆ ಕಾದು ಮಾಡಿದ ಕುಬಸ. ನಾಳೆ ಬೆಳಿಗ್ಗೆ ದವಾಖಾನೆಗೇ ಹೋಗಿ ಹೇಳಿದರಾಯಿತು. ಒಂದು ರಾತ್ರಿಯಲ್ಲಿ ಏನಾಗುತ್ತದೆ?

ಹೋಳಿಗೆ ಉಂಡಳು, ಉಡಿಗೆ ಹಾಕಿದ ರವಿಕೆ ಕಣ ತೆಗೆದುಕೊಂಡಳು, ಮೂರರ ಬಸ್ಸು ಹತ್ತಿದಳು. ಬಸ್ಸು ಊರು ದಾಟಿದ ಮೇಲೂ ಎರಡು ಸಲ ಫೋನು ತೆಗೆದು ಮತ್ತೆ ಚೀಲಕ್ಕೆ ಹಾಕಿದಳು. ಈಗ ಹೇಳಿದರೆ ಅಲ್ಲಿಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ತಡವಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಸಂಜೆ ಗೌಸ ಊಟಕ್ಕೆ ಕರೆದಾಗ ಹೊಟ್ಟೆ ತುಂಬಿದೆ ಎಂದಳು. ಅವನು ನಂಬಿದ.

ಮರುದಿನ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಡಾಕ್ಟರಮ್ಮ ಬಂದವರೇ ನಿಮ್ಮ ಗುಳಿಗೆ ತೀರಿದವೇ ಎಂದು ಕೇಳಿದರು. ವಜೀರಬಿ ನಿಂತಲ್ಲೇ ಎಲ್ಲ ಹೇಳಿದಳು. ಸವಾದೋ, ಢಾಯಿ, ಕುಳಿ, ತಲೆನೋವು.

“ಯಾವಾಗ ನೋಡಿದ್ರಿ?”

“ನಿನ್ನಿ ಮಧ್ಯಾಹ್ನರಿ.”

ಡಾಕ್ಟರಮ್ಮ ಒಂದು ಗಳಿಗೆ ಆಕೆಯ ಮುಖ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ವಜೀರಬಿಗೆ ಈಗಲೂ ಅನಿಸುತ್ತದೆ. ಹುಮನಾಬಾದಕ್ಕೆ ಫೋನು ಹಚ್ಚಿದರು. ಬೆಳಗಿನಿಂದ ಎರಡು ಸಲ ವಾಂತಿಯಾಗಿದೆ, ನೆತ್ತಿ ಸಿಡಿಯುತ್ತದೆ ಅನ್ನುತ್ತಾಳೆ, ನಿನ್ನೆ ಎಲ್ಲರ ಕಣ್ಣು ಬಿದ್ದಿದೆ, ದೃಷ್ಟಿ ತೆಗೆಯುತ್ತಿದ್ದೇವೆ ಎಂದಳು ಮೀರಾಬಾಯಿ. ಡಾಕ್ಟರಮ್ಮ ಆಕೆಯನ್ನು ಗದರಲಿಲ್ಲ. ದೃಷ್ಟಿ ತೆಗೆದು ಮುಗಿಸಿ, ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಕೋಣೆ ಕತ್ತಲು ಮಾಡಿ, ಆಂಬುಲೆನ್ಸಿನ ನೂರೆಂಟಕ್ಕೆ ಫೋನು ಮಾಡಿ, ನಾನೂ ಹೊರಟೆ ಎಂದು ಒಂದೊಂದನ್ನೂ ಎರಡೆರಡು ಸಲ ಹೇಳಿದರು. ಹೊರಗೆ ಇಪ್ಪತ್ತು ಜನ ಪಾಳಿಯಲ್ಲಿದ್ದರು. ಬಸವಣಪ್ಪನವರು ಎದ್ದು ನಿಂತು, ನಾವು ನಾಳೆ ಬರುತ್ತೇವೆ, ನೀವು ಹೋಗಿರಿ ಎಂದರು. ಗೊಣಗುವ ಬೆಂಚಿನಿಂದ ಅವತ್ತು ಚಕಾರ ಬರಲಿಲ್ಲ.

ಹೆದ್ದಾರಿ ಹಿಡಿದು ಹುಮನಾಬಾದ ಮುಟ್ಟಲು ಮುಕ್ಕಾಲು ತಾಸು. ಕಾರಿನಲ್ಲಿ ವಜೀರಬಿಯ ತೊಡೆಯ ಮೇಲೆ ಔಷಧದ ಪೆಟ್ಟಿಗೆ. ದಾರಿಯುದ್ದಕ್ಕೂ ಡಾಕ್ಟರಮ್ಮ ಕೇಳಿದ್ದು ಎರಡೇ ಮಾತು: ಮುಖವೂ ಬಾತಿತ್ತೇ, ಉಚ್ಚೆ ಕಡಿಮೆಯಾಗಿದೆ ಎಂದಳೇ. ಯಾಕೆ ಸುಮ್ಮನಿದ್ದಿರಿ ಎಂದು ಕೇಳಲಿಲ್ಲ.

ಅವರು ಒಳಗೆ ಕಾಲಿಟ್ಟದ್ದೂ ಮನೀಷಾಳಿಗೆ ಝಟಕೆ ಬಂದದ್ದೂ ಒಂದೇ ಹೊತ್ತಿಗೆ. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಬಡಿದುಕೊಳ್ಳತೊಡಗಿತು. ಬಳೆಗಳು ಗೋಡೆಗೆ ತಾಗಿ ಸದ್ದು ಮಾಡುತ್ತಿದ್ದವು. ಡಾಕ್ಟರಮ್ಮ ನೆಲಕ್ಕೆ ಕುಳಿತು ಹುಡುಗಿಯನ್ನು ಮಗ್ಗುಲಾಗಿಸಿ, ತೊಡೆಗೆ ಒಂದು ಸೂಜಿ ಚುಚ್ಚಿದರು. ಇನ್ನೊಂದು ನರಕ್ಕೆ ಹೋಗಬೇಕಿತ್ತು. ಬಾತ ಕೈಯಲ್ಲಿ ನರ ಸಿಗುತ್ತಿರಲಿಲ್ಲ. ಒಂದೇ ರಾತ್ರಿಯಲ್ಲಿ ಇನ್ನಷ್ಟು ಬಾತು, ಢಾಯಿ ಬಳೆಗಳೂ ಮಾಂಸದಲ್ಲಿ ಹೂತು ಕುಳಿತಿದ್ದವು. ಬಳೆ ತೆಗೆಯಿರಿ ಎಂದರು.

ಯಾರೂ ಅಲ್ಲಾಡಲಿಲ್ಲ. ಕುಬಸದ ಹಸಿರು ಬಳೆ ಹೆರಿಗೆಯಾಗುವ ತನಕ ಕೈಬಿಟ್ಟು ಇಳಿಯುವುದಿಲ್ಲ. ಬಸುರಿಯ ಕೈಬಳೆ ಒಡೆಯುವುದೆಂದರೆ ಆ ಮನೆಗಳಲ್ಲಿ ಗಂಡನ ಆಯುಷ್ಯಕ್ಕೆ ಕೈ ಹಾಕಿದಂತೆ. ಮೀರಾಬಾಯಿ ಸೊಸೆಯ ಕೈ ಮೇಲೆ ತನ್ನ ಕೈ ಅಡ್ಡ ಹಿಡಿದಳು. ವೀರಭದ್ರ ಬಾಗಿಲಲ್ಲಿ ನಿಂತು ಅಳುತ್ತಿದ್ದ.

“ನನಗ ಒಬ್ಬನೇ ಮಗ ಅದಾನ್ರಿ,” ಎಂದಳು ಮೀರಾಬಾಯಿ.

ಡಾಕ್ಟರಮ್ಮ ಆಕೆಯ ಜೊತೆ ವಾದಕ್ಕೆ ಇಳಿಯಲಿಲ್ಲ. ವಜೀರಬಿಯ ಕಡೆ ತಿರುಗಿದರು. ವಜೀರಬಿ ಮುಂದೆ ಬಂದು ಕುಳಿತಳು.

“ಹಾಕಿದಾಕಿ ನಾನು ಮೀರಾಬಾಯಿ. ತಗಿಯಾಕಿನೂ ನಾನೇ. ಪಾಪ ಇದ್ದರ ನನ್ನ ಮ್ಯಾಲ ಬರ್ಲಿ. ಕೈ ತಗೀರಿ.”

ಮೀರಾಬಾಯಿ ಕೈ ತೆಗೆದಳು. ಎಲೆಯಡಿಕೆ ತಟ್ಟೆಯಲ್ಲಿ ನಿನ್ನೆಯ ಅಡಕತ್ತು ಹಾಗೆಯೇ ಬಿದ್ದಿತ್ತು. ಒದ್ದೆ ಬಟ್ಟೆಯನ್ನು ಬಳೆಯ ಅಡಿ ತೂರಿಸಿ, ಚರ್ಮಕ್ಕೆ ತಾಗದಂತೆ ಒಂದೊಂದನ್ನೇ ಅಡಕತ್ತಿನಿಂದ ಕತ್ತರಿಸಿದಳು. ಎಡಗೈಯ ಹನ್ನೊಂದೂ ಹೋದವು. ಅಷ್ಟು ವರ್ಷದ ಕಸುಬಿನಲ್ಲಿ ಆಕೆ ಬಸುರಿಯ ಬಳೆ ಒಡೆದದ್ದು ಅದೊಂದೇ ಸಲ. ಸಾಕು, ಒಂದು ಕೈ ಸಾಕು ಎಂದು ಡಾಕ್ಟರಮ್ಮ ತಡೆದರು. ಬಲಗೈಯ ಬಳೆಗಳನ್ನು ಉಳಿಸಿದ್ದಕ್ಕೆ ಮೀರಾಬಾಯಿ ಅವರ ಕಾಲಿಗೆ ಬೀಳಲು ಹೋದಳು. ಬೀಳುವುದು ಆಮೇಲೆ, ಮೊದಲು ಟಾರ್ಚು ಹಿಡಿಯಿರಿ ಎಂದರು ಅವರು, ನರ ಹುಡುಕುತ್ತ.

ಅಷ್ಟರಲ್ಲಿ ಬಂದ ನೂರೆಂಟರ ಗಾಡಿಯಲ್ಲಿ ಬೀದರಿಗೆ ಒಯ್ದರು. ಡಾಕ್ಟರಮ್ಮ ಹುಡುಗಿಯ ಪಕ್ಕದಲ್ಲೇ ಕುಳಿತು ಹೋದರು. ದಾರಿಯಲ್ಲಿ ಎಚ್ಚರ ಬಂದಾಗಲೆಲ್ಲ, ಇಲ್ಲೇ ಇದ್ದೇನೆ, ಕೈ ಹಿಡಿದುಕೊಂಡಿದ್ದೇನೆ ಎಂದು ಹೇಳುತ್ತಿದ್ದರಂತೆ. ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಒಂದು ಕಿಲೋದ ಮೇಲೆ ಇನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರಮ್ಮ ದಿನಾ ಕಲ್ಯಾಣದ ರೋಗಿಗಳನ್ನು ನೋಡಿ ಮುಗಿಸಿ ಬೀದರಿಗೆ ಬಂದು ಹೋದರು. ಮನೀಷಾಳ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು, ಇದು ನಿನ್ನ ತಪ್ಪಲ್ಲ, ನಿನಗೆ ಹೇಗೆ ಗೊತ್ತಾಗಬೇಕು ಎಂದು ಸಮಾಧಾನ ಹೇಳುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಕೂಸು ತೀರಿಕೊಂಡಿತು.

ಅವತ್ತು ವಜೀರಬಿ ಅಲ್ಲಿಯೇ ಇದ್ದಳು. ಭೀಮಬಾಯಿಯನ್ನು ತಬ್ಬಿಕೊಂಡು ಅತ್ತು, ಆಮೇಲೆ ಪಡಸಾಲೆಯ ಕೊನೆಯಲ್ಲಿ ಒಬ್ಬರೇ ನಿಂತಿದ್ದ ಡಾಕ್ಟರಮ್ಮನ ಹತ್ತಿರ ಹೋದಳು. ಮೂರು ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದಳು.

“ನಾ ಅವತ್ತೇ ಫೋನ್ ಮಾಡಿದ್ದರ ಕೂಸು ಉಳೀತಿತ್ತೇನ್ರಿ?”

ಬೇರೆ ಯಾರಾದರೂ ಆಗಿದ್ದರೆ ಹಣೆಬರಹ, ದೇವರ ಇಚ್ಛೆ ಎಂದು ಬೆನ್ನು ಸವರಿ ಕಳಿಸುತ್ತಿದ್ದರು. ಯಾವ ರೋಗಿಗೂ ಸುಳ್ಳು ಹೇಳದವರು ಈಕೆಗೂ ಹೇಳಲಿಲ್ಲ.

“ಗೊತ್ತಿಲ್ಲ ಬೂಬಮ್ಮಾ. ಉಳೀತಿತ್ತಂತ ಹೇಳಾಕ ಬರಂಗಿಲ್ಲ, ಇಲ್ಲಂತನೂ ಹೇಳಾಕ ಬರಂಗಿಲ್ಲ. ಒಂದು ದಿನ ಸಿಗತಿತ್ತು. ಅಷ್ಟು ಖರೇ.”

ಆಮೇಲೆ ಆಕೆಯನ್ನು ಅಲ್ಲಿಯೇ ಬೆಂಚಿನ ಮೇಲೆ ಕೂರಿಸಿ ಬಿಪಿ ನೋಡಿದರು. ಮೂರು ದಿನದಿಂದ ಗುಳಿಗೆ ನುಂಗಿಲ್ಲ ಎಂದು ಯಂತ್ರವೇ ಹೇಳಿತು. ತಮ್ಮ ಚೀಲದಿಂದ ಒಂದು ಗುಳಿಗೆ ತೆಗೆದು, ನೀರು ಕೊಟ್ಟು, ನುಂಗುವ ತನಕ ಎದುರಿಗೇ ನಿಂತರು. ಅದು ಕ್ಷಮೆಯೋ, ಬರೀ ವೈದ್ಯವೋ ವಜೀರಬಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಆಕೆಗೆ ಬೇಕಾದದ್ದು ಒಂದು ಬೈಗುಳವಾಗಿತ್ತು.

ಬೈಗುಳ ಎಲ್ಲಿಂದಲೂ ಬರಲಿಲ್ಲ. ಬಂದದ್ದು ಹೊಗಳಿಕೆ. ಬೂಬಮ್ಮ ಬೆಳಗಾಗೆದ್ದು ಡಾಕ್ಟರಮ್ಮನನ್ನು ಎಳೆದು ತರದಿದ್ದರೆ ಸೊಸೆಯೂ ಕೈಬಿಟ್ಟು ಹೋಗುತ್ತಿದ್ದಳು ಎಂದು ಮೀರಾಬಾಯಿ ಹುಮನಾಬಾದದ ಮನೆಮನೆಗೆ ಹೇಳಿದಳು. ಒಂದು ಇಳಕಲ್ ಸೀರೆ ಕಳಿಸಿದಳು. ಭೀಮಬಾಯಿ ಸಿಕ್ಕಲ್ಲೆಲ್ಲ ಕೈಮುಗಿದಳು. ಎಂಟು ವರ್ಷ ಮುಚ್ಚಿದ್ದ ನಾರಾಯಣಪುರದ ಓಣಿಯಿಂದಲೂ ಕರೆ ಬಂತು. ವಜೀರಬಿ ಆ ಸೀರೆಯ ಮಡಿಕೆ ಬಿಚ್ಚಲಿಲ್ಲ. ಮೋರಖಂಡಿಯ ಟಂಟಂ ಕಂಡರೆ ಬೇರೆ ಕಡೆಗೆ ನೋಡುತ್ತಿದ್ದಳು. ಗೌಸ ಒಂದೆರಡು ದಿನ ಕಾಲೆಳೆದು ನೋಡಿದ, ಆಮೇಲೆ ಬಿಟ್ಟುಬಿಟ್ಟ. ಸತ್ಯ ಗೊತ್ತಿದ್ದವರು ಇಬ್ಬರೇ ಎಂದುಕೊಂಡಿದ್ದಳು, ತಾನು ಮತ್ತು ಡಾಕ್ಟರಮ್ಮ. ತಲೆ ನೋಯುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳಿಸಿಕೊಂಡ ಮೂರನೆಯವಳೊಬ್ಬಳಿದ್ದಳು. ಅದು ಆಕೆಗೆ ಆಮೇಲೆ ಹೊಳೆದಿತ್ತು.

ಎರಡು ತಿಂಗಳಾದ ಮೇಲೆ ಆ ಮೂರನೆಯವಳ ಮನೆಯಿಂದಲೇ ಕರೆ ಬಂತು. ತವರಿನಲ್ಲಿದ್ದ ಮನೀಷಾಳ ಕೈಗೆ ಬಳೆ ಬೇಕು, ಮುಂದಿನ ವಾರ ಹುಮನಾಬಾದಕ್ಕೆ ಕಳಿಸಬೇಕು, ಬರಿಗೈಯಲ್ಲಿ ಕಳಿಸಲು ಬರುವುದಿಲ್ಲ ಎಂದು ಭೀಮಬಾಯಿ ಹೇಳಿ ಕಳಿಸಿದಳು. ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ. ವಜೀರಬಿ ಮೋರಖಂಡಿಗೆ ಹೋದಳು.

ಭೀಮಬಾಯಿ ಚಹಾಕ್ಕೆ ಒಳಗೆ ಹೋದ ಮೇಲೆ ಅಂಗಳದಲ್ಲಿ ಇಬ್ಬರೇ ಉಳಿದರು. ಹುಡುಗಿ ಸೋತು ಸಣ್ಣಗಾಗಿದ್ದಳು. ವಜೀರಬಿ ಚೀಲ ಬಿಚ್ಚಲಿಲ್ಲ. ಇವಳು ಬಾಯಿ ತೆಗೆಯುವ ಮೊದಲೇ ತಾನೇ ಹೇಳಿಬಿಡಬೇಕೆಂದು ದಾರಿಯಲ್ಲಿ ನಿಶ್ಚಯಿಸಿಕೊಂಡು ಬಂದಿದ್ದಳು. ಕುಬಸದ ದಿನ ಕೈ ಒತ್ತಿದಾಗಲೇ ತನಗೆ ತಿಳಿದಿತ್ತು, ಫೋನು ಚೀಲದಲ್ಲೇ ಇತ್ತು, ಜನಕ್ಕೆ ಅಂಜಿ ಸುಮ್ಮನಾದೆ, ಹೋಳಿಗೆ ಉಂಡು ಬಸ್ಸು ಹತ್ತಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಬೈಯಿ, ಹೊಡಿ, ನಿನ್ನ ತಾಯಿಗೆ ಹೇಳು, ಏನು ಬೇಕಾದರೂ ಮಾಡು ಎಂದಳು.

ಮನೀಷಾ ಸಿಟ್ಟಾಗಲಿಲ್ಲ.

“ನನಗೂ ಗೊತ್ತಿತ್ತು ಬೂಬಮ್ಮಾ,” ಎಂದಳು. “ನಾಕು ದಿನದಿಂದ ಕಣ್ಣಿಗಿ ಮಂಜು ಬರಾಕತ್ತಿತ್ತು. ಒಂದೊಂದು ಹೊತ್ತು ಅತ್ತಿ ಮುಖಾನೇ ಕಾಣತಿರಲಿಲ್ಲ. ಹೇಳಿದ್ರ ದವಾಖಾನಿಗಿ ಒಯ್ತಾರ, ಕುಬಸ ಮತ್ತ ಮುಂದ ಹೋಗ್ತದಂತ ಸುಮ್ಮನಿದ್ದೆ. ಎಲ್ಲಾರೂ ಅಷ್ಟು ಖುಷಿಲಿಂದ ಇದ್ದರು.”

ಎರಡು ತಿಂಗಳು ತಾನು ಹೊತ್ತು ತಿರುಗಿದ ಭಾರವನ್ನೇ ಈ ಇಪ್ಪತ್ತೆರಡರ ಹುಡುಗಿ ಬಾಣಂತನದ ಕೋಣೆಯಲ್ಲಿ, ಖಾಲಿ ಮಡಿಲಲ್ಲಿ ಒಬ್ಬಳೇ ಹೊತ್ತು ಕುಳಿತಿದ್ದಳು. ಒಂದೇ ಮಣೆಯ ಮುಂದೆ ಕೈ ಕೈ ಹಿಡಿದು ಕುಳಿತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಜನರ ಸಂತೋಷ ಕೆಡಬಾರದೆಂದು ನಗುತ್ತ ಕುಳಿತಿದ್ದರು.

“ಡಾಕ್ಟರಮ್ಮಗ ಇದು ಹೇಳಬ್ಯಾಡ್ರಿ,” ಎಂದಳು ಮನೀಷಾ. ಈಗ ಅವಳಿಗೆ ಅಳು ಬಂದಿತ್ತು. “ಮೂರು ದಿನ ಬಾಜೂಕ ಕುಂತು, ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಅಂತ ಹೇಳ್ಯಾರ. ನಾ ಹೂಂ ಅಂದೇನಿ. ಈಗ ಹ್ಯಾಂಗ ಮುಖ ತೋರಿಸ್ಲಿ?”

ಇಷ್ಟು ವರ್ಷ ಇಂಥ ಮಾತಿಗೆ ವಜೀರಬಿಯ ಹತ್ತಿರ ಒಂದೇ ಉತ್ತರವಿತ್ತು: ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇನೆ, ಹೋಗು. ಅದು ನಾಲಿಗೆಯ ತುದಿಗೂ ಬಂತು. ಆದರೆ ಆಕೆ ಹುಡುಗಿಯ ಬರಿಗೈಯನ್ನು ಹಿಡಿದು ಎದ್ದು ನಿಂತಳು.

“ನಾ ಮಾತು ಕೊಡಂಗಿಲ್ಲವ್ವಾ. ಏಳು, ಇಬ್ಬರೂ ಹೋಗಿ ಹೇಳೋಣು. ನಾನೂ ಬರ್ತೀನಿ ನಿನ್ನ ಸಂಗಾಟ.”

ಮನೀಷಾ ಒಮ್ಮೆ ಕೈ ಬಿಡಿಸಿಕೊಳ್ಳಲು ನೋಡಿದಳು. ವಜೀರಬಿ ಬಿಡಲಿಲ್ಲ. ಚಹಾದ ಕಪ್ಪು ಹಿಡಿದು ಹೊರಗೆ ಬಂದ ಭೀಮಬಾಯಿ, ಬಳೆ ತೊಡಿಸಿದ್ದು ಆಯಿತೇ ಎಂದು ಕೇಳಿದಳು. ಇಲ್ಲ, ಮೊದಲು ಕಲ್ಯಾಣಕ್ಕೆ ಹೋಗಿ ಬರುತ್ತೇವೆ, ನೀನೂ ಬಾ, ನಿನಗೂ ಹೇಳುವುದಿದೆ ಎಂದಳು ವಜೀರಬಿ.